ಹಾಳೆಯ ಮನೆ, ಕಂಪ್ಯೂಟರಿನ ಮನೆ



ಮನೆ ಕಟ್ಟಬೇಕು ಅಂತ ಹೊರಟವರು ಮೊದಲು ಏನು ಮಾಡ್ತಾರೆ? ಒಂದು ಹಾಳೆ ಮೇಲೆ ಗೆರೆ ಎಳೀತಾರೆ. ಇದು ನಡುಮನೆ. ಇದು ಅಡುಗೆಮನೆ. ಇದು ರೇಷ್ಮೆ ಹುಳು ಸಾಕುವ ಮನೆ.

ಚಿಕ್ಕಬಳ್ಳಾಪುರದಲ್ಲಾಗಲಿ, ಚಿಂತಾಮಣಿಯಲ್ಲಾಗಲಿ, ಆ ಹಾಳೆ ಈಗ ಇಂಜಿನಿಯರ ಕಂಪ್ಯೂಟರಿಗೆ ಹೋಗುತ್ತೆ. ಸೊಟ್ಟ ಗೆರೆ ಅಲ್ಲಿ ನೆಟ್ಟಗಾಗುತ್ತೆ. ಆಮೇಲೆ ಗೆರೆಗಳೇ ಗೋಡೆಗಳಾಗಿ ಮೇಲೇಳುತ್ತವೆ. ಬಾಗಿಲು, ಕಿಟಕಿ ಎಲ್ಲ ಕಾಣುತ್ತೆ. ಪಾಯ ತೋಡುವ ಮೊದಲೇ ಮನೆಯನ್ನು ಒಂದು ಸುತ್ತು ನೋಡಬಹುದು. 1963ರಲ್ಲೇ ಅಮೆರಿಕದ ಐವನ್ ಸದರ್‌ಲ್ಯಾಂಡ್ ಎಂಬುವರು ಕಂಪ್ಯೂಟರಿನ ಪರದೆ ಮೇಲೆ ಗೆರೆ ಎಳೆದು ತೋರಿಸಿದ್ದರು. ಅದು ಬೆಳೆದು ನಮ್ಮೂರಿಗೂ ಬಂದಿದೆ.

ಆದರೆ ಚಿತ್ರ ಚೆನ್ನಾಗಿದೆ ಅಂತ ತಲೆಯಾಡಿಸಿ ಬರಬೇಡಿ. ಕಂಪ್ಯೂಟರಿಗೆ ನಿಮ್ಮ ಮನೆ ಗೊತ್ತಿಲ್ಲ. ಹಾಳೆಯ ಮೇಲಿನ ಅಂಕಿ ಮಾತ್ರ ಗೊತ್ತು.

ಶಿಡ್ಲಘಟ್ಟದ ಕಡೆಯ ಒಂದು ಹುಳು ಮನೆ ಅಂದುಕೊಳ್ಳಿ. ಹಾಳೆಯಲ್ಲಿ ಅಗಲ 10 ಅಡಿ ಅಂತ ಬರೆದಿದೆ. ಒಳಗಿನ ಅಳತೆಯೋ, ಹೊರಗಿನದೋ? ಬರೆದಿಲ್ಲ. ಹೊರಗಿನದು ಅಂತ ತಿಳಿದರೆ ಏನಾಗುತ್ತೆ, ಲೆಕ್ಕ ಹಾಕೋಣ. ಒಂದು ಗೋಡೆ 9 ಅಂಗುಲ ದಪ್ಪ. ಎರಡು ಗೋಡೆಗೆ 18 ಅಂಗುಲ, ಅಂದರೆ ಒಂದೂವರೆ ಅಡಿ. ಒಳಗೆ ಉಳಿಯೋದು ಎಂಟೂವರೆ ಅಡಿ. ನಡುವೆ ಹುಳು ಮೇಯಿಸುವ ಸ್ಟ್ಯಾಂಡು 5 ಅಡಿ. ಉಳಿದದ್ದು ಮೂರೂವರೆ ಅಡಿ. ಒಂದೊಂದು ಪಕ್ಕಕ್ಕೆ ಒಂದೂ ಮುಕ್ಕಾಲು ಅಡಿ! ಕಡ್ಡಿ ಸೊಪ್ಪಿನ ಹೊರೆ ಹೊತ್ತ ಹೆಂಗಸು ಅಲ್ಲಿ ಓಡಾಡೋದು ಹೇಗೆ? ಸೊಪ್ಪು ಹಾಕುವವಳು ಅವಳೇ. ನಕ್ಷೆ ಮಾಡುವಾಗ ಅವಳನ್ನು ಯಾರೂ ಕೇಳಲ್ಲ. ಇದು ನನಗೆ ಸರಿ ಕಾಣಲ್ಲ.

ಇನ್ನು ಎತ್ತರ. ಉದ್ದ, ಅಗಲ ಹಾಳೆಯಲ್ಲಿರುತ್ತೆ, ಎತ್ತರ ಇರಲ್ಲ. ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಕಿಟಕಿ ನೆಲದಿಂದ ಎಷ್ಟು ಮೇಲೆ, ಅದಕ್ಕೆ ಸೊಳ್ಳೆ ಪರದೆಯಂಥ ಬಲೆ ಬೇಕು ಅಂತಲೂ ಬರೆಸಿ. ಊಜಿ ನೊಣ 1980ರಲ್ಲಿ ನಮ್ಮ ರಾಜ್ಯಕ್ಕೆ ಬಂತು. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತೆ. ಬಲೆ ಇಲ್ಲದ ಕಿಟಕಿ ಅದಕ್ಕೆ ಬಾಗಿಲಿದ್ದಂತೆ.

ಹಳೇ ಕೋಣೆ ಅಳೆದು ಕೊಡುವುದಾದರೆ ಮೂಲೆಯಿಂದ ಎದುರು ಮೂಲೆಗೂ ದಾರ ಹಿಡಿಯಿರಿ. ಒಂದು ಗೋಡೆ 15 ಅಡಿ, ಇನ್ನೊಂದು 20 ಅಡಿ ಇದ್ದರೆ ದಾರ 25 ಅಡಿ ಬರಬೇಕು. ಬರಲಿಲ್ಲವೋ, ಮೂಲೆ ಸೊಟ್ಟ. ಗಾರೆ ಕೆಲಸದವರನ್ನು ಕೇಳಿ ನೋಡಿ, ಈ ಲೆಕ್ಕ ಅವರಿಗೆ ಗೊತ್ತು.

ಇಂಜಿನಿಯರು ಹಾಳೆ ತಿರುಗಿ ಕೊಟ್ಟಾಗ ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದಿ. ಒಳಗೋ ಹೊರಗೋ ಕೇಳಿ ಬರೆಸಿ. ರುಜು ಆಮೇಲೆ ಹಾಕಿ.