ಒತ್ತೆಗೆ ಹೋದ ಮಕ್ಕಳು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಉರ್ದುವಿನಲ್ಲಿ ‘ಯರಗಮಾಲ್’ ಎಂಬ ಪದವಿದೆ. ಕನ್ನಡದಲ್ಲಿ ಒತ್ತೆಯಾಳು. ನಮ್ಮ ಕಡೆ ಬಂಗಾರ ಒತ್ತೆ ಇಡುತ್ತೇವೆ, ಹೊಲ ಒತ್ತೆ ಇಡುತ್ತೇವೆ. ಮನುಷ್ಯರನ್ನೂ ಇಡುತ್ತಿದ್ದರು. 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಇಟ್ಟದ್ದು ಇಬ್ಬರು ಮಕ್ಕಳನ್ನು.

ಆ ಯುದ್ಧ ನಮಗೆ ದೂರದ್ದಲ್ಲ. ಟಿಪ್ಪು ಸುಲ್ತಾನರು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದ ಕೊಪ್ಪಳದ ಕೋಟೆ ತಿಂಗಳುಗಟ್ಟಲೆ ಮುತ್ತಿಗೆಯ ನಂತರ ನಿಜಾಮ ಮತ್ತು ಕಂಪನಿ ಸೈನ್ಯದ ವಶವಾದದ್ದು ಇದೇ ಯುದ್ಧದಲ್ಲಿ. ಶ್ರೀರಂಗಪಟ್ಟಣದ ಒಪ್ಪಂದದಂತೆ ಸುಲ್ತಾನರ ಅರ್ಧ ರಾಜ್ಯ ಹೋಯಿತು. ನಮ್ಮ ಸೀಮೆ ನಿಜಾಮರಿಗೆ ಸೇರಿತು. ಅದರ ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಅರ್ಧ ಕೂಡಲೇ, ಉಳಿದದ್ದು ಕಂತುಗಳಲ್ಲಿ. ಆ ಕಂತುಗಳಿಗೆ ಜಾಮೀನಾಗಿ ರಾಜಕುಮಾರರಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್.

ಪಠ್ಯಪುಸ್ತಕದಲ್ಲಿ ಇದು ಒಂದೇ ಸಾಲು. ಪರೀಕ್ಷೆಯಲ್ಲಿ ಒಂದೇ ಅಂಕ. ವಯಸ್ಸಿನ ಬಗ್ಗೆ ದಾಖಲೆಗಳು ಒಂದೇ ಮಾತು ಹೇಳುವುದಿಲ್ಲ. ಎಂಟು ಮತ್ತು ಐದು ಎನ್ನುವವರಿದ್ದಾರೆ, ಹತ್ತು ಮತ್ತು ಎಂಟು ಎನ್ನುವವರೂ ಇದ್ದಾರೆ. ಹೇಗೆ ಲೆಕ್ಕ ಹಾಕಿದರೂ ಪ್ರಾಥಮಿಕ ಶಾಲೆಯ ವಯಸ್ಸು. ಚಿಕ್ಕವನ ತಾಯಿ ಕೆಲವೇ ದಿನಗಳ ಹಿಂದೆ ತೀರಿಕೊಂಡಿದ್ದರೆಂದು ಆ ಯುದ್ಧದಲ್ಲಿದ್ದ ಬ್ರಿಟಿಷ್ ಅಧಿಕಾರಿ ಡಿರೋಮ್ ಬರೆದಿದ್ದಾನೆ.

ಫೆಬ್ರುವರಿ 26ರಂದು ಮಕ್ಕಳು ಸಿಂಗರಿಸಿದ ಆನೆಗಳ ಮೇಲೆ ಕೋಟೆಯಿಂದ ಹೊರಟರು. ತೋಪುಗಳು ಹಾರಿದವು. ವಕೀಲ ಗುಲಾಮ್ ಅಲಿ ಖಾನರು ಅವರನ್ನು ಕಾರ್ನ್‌ವಾಲಿಸನಿಗೆ ಒಪ್ಪಿಸಿ, ಈ ಬೆಳಿಗ್ಗೆಯವರೆಗೆ ಇವರು ಸುಲ್ತಾನರ ಮಕ್ಕಳು, ಇನ್ನು ನಿಮ್ಮನ್ನೇ ತಂದೆಯೆಂದು ತಿಳಿಯಬೇಕು ಎಂಬರ್ಥದ ಮಾತು ಹೇಳಿದರು. ಕಾರ್ನ್‌ವಾಲಿಸ್ ಅಪ್ಪಿಕೊಂಡ, ಇಬ್ಬರಿಗೂ ಬಂಗಾರದ ಗಡಿಯಾರ ಕೊಟ್ಟ. ಚಿತ್ರಕಾರರು ಇದನ್ನು ಮತ್ತೆ ಮತ್ತೆ ಬರೆದರು. ಆ ಚಿತ್ರಗಳು ಇಂಗ್ಲೆಂಡಿನಲ್ಲಿ ಬಹಳ ಹೆಸರಾದವು.

ಮಕ್ಕಳನ್ನು ಮದರಾಸಿನಲ್ಲಿ ಗೌರವದಿಂದಲೇ ಇಟ್ಟಿದ್ದರು. ಆದರೂ ಸೆರೆ ಸೆರೆಯೇ. 1794ರ ಮಾರ್ಚ್‌ನಲ್ಲಿ ಕ್ಯಾಪ್ಟನ್ ಡವ್‌ಟನ್ ಅವರನ್ನು ದೇವನಹಳ್ಳಿಗೆ ಕರೆತಂದ. ಇಂಗ್ಲಿಷ್ ಇತಿಹಾಸಕಾರರು ಬರೆದಂತೆ, ಮಕ್ಕಳು ಅಂಜುತ್ತ ಬಂದು ತಂದೆಯ ಪಾದಕ್ಕೆ ತಲೆಯಿಟ್ಟರು. ಸುಲ್ತಾನರು ಮಾತಾಡಲಿಲ್ಲ. ಕುತ್ತಿಗೆ ಮುಟ್ಟಿದರು. ಮಕ್ಕಳು ಎದ್ದಾಗ ಕೂರುವ ಜಾಗ ತೋರಿಸಿದರು.

ಇದನ್ನು ಕಲ್ಲುಮನಸ್ಸು ಎಂದವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಎದುರಿಗೆ ಶತ್ರುವಿನ ಅಧಿಕಾರಿ ನಿಂತಿದ್ದಾನೆ, ಸುತ್ತ ದರ್ಬಾರು. ಮೇಲಾಗಿ ಎರಡು ವರ್ಷ. ಆ ವಯಸ್ಸಿನಲ್ಲಿ ಎರಡು ವರ್ಷವೆಂದರೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿರುತ್ತದೆ, ಮಾತಿನ ಧಾಟಿಯೇ ಬದಲಾಗಿರುತ್ತದೆ. ಹೋದ ಮಗುವೇ ಮರಳಿ ಬರುವುದಿಲ್ಲ. ತಂದೆ ಮೊದಲು ಏನು ಕೇಳಬೇಕು? ಐದೇ ವರ್ಷಕ್ಕೆ, 1799ರಲ್ಲಿ, ಸುಲ್ತಾನರು ಮಡಿದರು. ಮಕ್ಕಳು ಮತ್ತೆ ಸೆರೆಯಾಗಿ ವೆಲ್ಲೂರಿಗೆ ಹೋದರು.

ಇದನ್ನು ಹೇಳುವಾಗ ಮತ್ತೊಂದನ್ನೂ ಹೇಳಬೇಕು. ಕೊಡಗಿನ ದೊಡ್ಡವೀರರಾಜೇಂದ್ರ ಚಿಕ್ಕವನಿದ್ದಾಗಲೇ ಮನೆಯವರೊಂದಿಗೆ ಮೈಸೂರಿನ ಸೆರೆಗೆ ಬಿದ್ದು, ಗೊರೂರು, ಪಿರಿಯಾಪಟ್ಟಣಗಳಲ್ಲಿ ವರ್ಷಗಳನ್ನು ಕಳೆದು, 1788ರಲ್ಲಿ ತಪ್ಪಿಸಿಕೊಂಡ. ಒಂದು ಮಗುವಿನ ನೋವು ಹೇಳಿ ಇನ್ನೊಂದರದನ್ನು ಮುಚ್ಚಿಟ್ಟರೆ ಅದು ಇತಿಹಾಸದ ಪಾಠವಲ್ಲ.

ಈಗ ನಮ್ಮ ಕುಷ್ಟಗಿ, ಯಲಬುರ್ಗಾ, ಗಂಗಾವತಿಗೆ ಬರೋಣ. ಸಾಲದ ಕಂತಿಗೆ ಮಗುವನ್ನು ಕೊಡುವುದು ಅರಮನೆಯ ಮಾತು ಮಾತ್ರವೇ? ಮುಂಗಡ ತೆಗೆದುಕೊಂಡು ಮಗುವನ್ನು ಕೆಲಸಕ್ಕೆ ಬಿಡುವುದಕ್ಕೆ ನಾವು ಜೀತ ಎನ್ನುತ್ತೇವೆ. ಇದಕ್ಕೆ ಆನೆಯಿಲ್ಲ, ತೋಪಿಲ್ಲ, ಚಿತ್ರ ಬರೆಯುವವರಿಲ್ಲ. 1976ರ ಜೀತಪದ್ಧತಿ ರದ್ದತಿ ಕಾಯಿದೆಯ ಪ್ರಕಾರ ಅಂಥ ಸಾಲ ತೀರಿಸಬೇಕಾಗಿಯೇ ಇಲ್ಲ. ತಂದೆತಾಯಿಗಳಿಗೆ ಇದು ಗೊತ್ತಿಲ್ಲ. ಮುಂಗಡ ವಾಪಸು ಕೊಡದೆ ಮಗುವನ್ನು ಕರೆತಂದರೆ ಪೊಲೀಸರು ಬರುತ್ತಾರೆಂದು ಅಂಜುತ್ತಾರೆ. ವಿದ್ಯಾರ್ಥಿಗಳೆ, ಮನೆಗೆ ಹೋಗಿ ಇದನ್ನು ಹೇಳಿರಿ. ಮಕ್ಕಳ ಸಹಾಯವಾಣಿ 1098 ಅನ್ನು ಬರೆದುಕೊಳ್ಳಿರಿ.

ಶಿಕ್ಷಕ ಬಂಧುಗಳಿಗೆ ಒಂದು ಮಾತು. ಹಾಗೆ ಹೋದ ಮಗು ಶಾಲೆಗೆ ಮರಳಿದಾಗ 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂರಿಸಬೇಕು. ತಪ್ಪಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಚಿಕ್ಕವರ ನಡುವೆ ಕೂರಿಸಿದರೆ ಎಂಟು ದಿನದಲ್ಲಿ ಮತ್ತೆ ಕಾಣೆಯಾಗುತ್ತದೆ. ‘ಇಷ್ಟು ದಿನ ಎಲ್ಲಿ ಹೋಗಿದ್ದಿ?’ ಎಂದು ಎಲ್ಲರೆದುರು ಕೇಳುವುದು ಬೇಡ. ಮೊದಲು ಪುಸ್ತಕ ಕೊಡಿ, ಊಟಕ್ಕೆ ಜೊತೆ ಕೂರಿಸುವ ಒಬ್ಬ ಗೆಳೆಯನನ್ನು ಗೊತ್ತುಮಾಡಿ. ಉಳಿದದ್ದನ್ನು ಅದೇ ಒಂದು ದಿನ ಹೇಳುತ್ತದೆ.