ಎಲೆಯನ್ನು ನೋಡಿ ಬಡಿಸುವ ವಿದ್ಯೆ



ಅನ್ನವನ್ನು ಇಕ್ಕುವುದು, ಅಕ್ಷರವನ್ನು ಕಲಿಸುವುದು, ಇವೆರಡೂ ಮಠಗಳು ಬಹುಕಾಲದಿಂದ ನಡೆಯಿಸಿಕೊಂಡು ಬಂದ ಸೇವೆಗಳಾಗಿವೆ. ಇವುಗಳಲ್ಲಿ ಅನ್ನದಾಸೋಹದ ಪದ್ಧತಿಯನ್ನು ಎಲ್ಲರೂ ಬಲ್ಲರು. ಪಂಕ್ತಿಯಲ್ಲಿ ಬಡಿಸುವವನು ಪ್ರತಿಯೊಬ್ಬನ ಎಲೆಯನ್ನು ನೋಡಿ ಬಡಿಸುವನು. ಗದ್ದೆಯಲ್ಲಿ ದುಡಿದು ಬಂದವನಿಗೆ ಒಂದು ಅಳತೆ, ಕೂಸಿಗೆ ಒಂದು ಅಳತೆ, ಕಾಯಿಲೆಯಿಂದ ಎದ್ದವನಿಗೆ ಮತ್ತೊಂದು ಅಳತೆ. ಆದರೂ ಪಂಕ್ತಿಭೇದವಿಲ್ಲ. ಅಕ್ಷರವನ್ನು ಬಡಿಸುವ ಶಾಲೆಯಲ್ಲಾದರೋ ಈ ವಿವೇಕವು ಅನೇಕ ವೇಳೆ ಕಾಣದು. ಅಲ್ಲಿ ಎಲ್ಲ ಮಕ್ಕಳಿಗೂ ಒಂದೇ ಗಳಿಗೆಯಲ್ಲಿ ಒಂದೇ ಅಳತೆಯ ಪಾಠವು ಸುರಿಯಲ್ಪಡುತ್ತದೆ. ಅದನ್ನು ಅರಗಿಸಿಕೊಳ್ಳಲಾರದ ಮಗುವಿಗೆ ದಡ್ಡನೆಂಬ ಹೆಸರು ಬರುತ್ತದೆ. ಬಡಿಸಿದವನ ತಪ್ಪನ್ನು ಉಣ್ಣುವವನ ಮೇಲೆ ಹೊರಿಸುವ ಈ ರೂಢಿಯನ್ನು ತಿದ್ದುವುದೇ ಶಿಕ್ಷಣದಲ್ಲಿ ಮಾನವೀಯ ದೃಷ್ಟಿಯೆನಿಸುವುದು.

ಈ ದೃಷ್ಟಿಯು ಒಂದು ದೇಶಕ್ಕೆ ಮಾತ್ರ ಸೇರಿದುದಲ್ಲ. 1901ರಲ್ಲಿ ರವೀಂದ್ರನಾಥ ಠಾಕೂರರು ಶಾಂತಿನಿಕೇತನದಲ್ಲಿ ಮರಗಳ ನೆರಳಿನಲ್ಲಿ ಶಾಲೆಯನ್ನು ತೆರೆದರು. 1937ರಲ್ಲಿ ವರ್ಧಾದಲ್ಲಿ ಮಹಾತ್ಮಾ ಗಾಂಧಿಯವರು ಕೈಕೆಲಸದ ಮೂಲಕವೇ ಬುದ್ಧಿಯನ್ನು ಬೆಳೆಸಬೇಕೆಂಬ ಶಿಕ್ಷಣಯೋಜನೆಯನ್ನು ಮುಂದಿಟ್ಟರು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಅಬ್ರಹಾಂ ಮಾಸ್ಲೋ ಅವರು 1943ರಲ್ಲಿ, ಹಸಿವು ಭಯಗಳು ನೀಗಿದ ಮೇಲೆಯೇ ಮನುಷ್ಯನಲ್ಲಿ ಉನ್ನತವಾದ ಆಕಾಂಕ್ಷೆಗಳು ತಲೆಯೆತ್ತುವುವೆಂದು ನಿರೂಪಿಸಿದರು. ಅದೇ ದೇಶದ ಕಾರ್ಲ್ ರೋಜರ್ಸ್ ಅವರು 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಉಪಾಧ್ಯಾಯನು ಕಲಿಕೆಗೆ ನೆರವಾಗುವ ಸಹೃದಯನಾಗಿರಬೇಕೆಂದು ಪ್ರತಿಪಾದಿಸಿದರು. ಭಾರತದಲ್ಲಿ 1993ರ ಯಶಪಾಲ್ ಸಮಿತಿಯು, ಪುಸ್ತಕದ ಚೀಲದ ಭಾರಕ್ಕಿಂತಲೂ ಅರ್ಥವಾಗದ ಪಾಠದ ಭಾರವೇ ಮಕ್ಕಳಿಗೆ ಹೆಚ್ಚು ಕೆಡುಕೆಂದು ಎಚ್ಚರಿಸಿತು.

ಶರಣಮಾರ್ಗದಲ್ಲಿ ನಡೆಯುವವರಿಗೆ ಈ ತತ್ತ್ವವು ಹೊಸತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ದೋಣಿ ನಡೆಯಿಸುವ ಚೌಡಯ್ಯನೂ, ಬಟ್ಟೆ ಒಗೆಯುವ ಮಾಚಯ್ಯನೂ, ಅಕ್ಕಿಯನ್ನು ಆಯ್ದು ಜೀವಿಸಿದ ಮಾರಯ್ಯ ಲಕ್ಕಮ್ಮ ದಂಪತಿಗಳೂ ಅನುಭಾವದ ಗೋಷ್ಠಿಗೆ ಸಲ್ಲುವವರಾದರು. ಅವರವರ ಕಾಯಕದಿಂದಲೇ ಅವರವರ ಅರಿವಿನ ಮಾತು ಹುಟ್ಟಿತು. ಕಲಿಯುವವನ ಬದುಕಿನಿಂದ ಪಾಠವನ್ನು ಆರಂಭಿಸುವುದು, ಪ್ರಶ್ನೆಯನ್ನು ಅವಿನಯವೆಂದೆಣಿಸದಿರುವುದು, ದುಡಿಮೆಯನ್ನು ಕೀಳೆಂದು ತಿಳಿಯದಿರುವುದು, ಈ ಮೂರೂ ಅಲ್ಲಿ ಆಚರಣೆಯಲ್ಲಿದ್ದುವು.

ಇದಕ್ಕೆ ಈಚಿನ ಕಾಲದ ನಿದರ್ಶನವನ್ನು ಗದುಗಿನಲ್ಲಿ ಕಾಣಬಹುದು. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯನೆಂಬ ಕುರುಡು ಬಾಲಕನು ಜನಿಸಿದನು. ಓದು ಬರಹಗಳನ್ನೇ ವಿದ್ಯೆಯೆಂದು ಬಗೆಯುವ ಶಾಲೆಗೆ ಅವನನ್ನು ಕಳುಹಿಸಿದ್ದರೆ, ಕಲಿಯಲು ಅನರ್ಹನೆಂಬ ಒಂದೇ ಮಾತಿನಿಂದ ಅವನ ಜೀವಿತವು ಮುಗಿದು ಹೋಗುತ್ತಿತ್ತು. ಆದರೆ 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳು ಆ ಬಾಲಕನಲ್ಲಿ ಇಲ್ಲದ ಕಣ್ಣನ್ನು ನೋಡಲಿಲ್ಲ. ಇದ್ದ ಕಂಠವನ್ನು ಕೇಳಿದರು. ಅವನಿಗೆ ಸಂಗೀತಶಿಕ್ಷಣದ ಏರ್ಪಾಡನ್ನು ಮಾಡಿಸಿದರು. ಆ ಬಾಲಕನೇ ಕರ್ನಾಟಕ ಮತ್ತು ಹಿಂದೂಸ್ತಾನಿ ಪದ್ಧತಿಗಳೆರಡರಲ್ಲಿಯೂ ಪಾರಂಗತರಾದ ಶ್ರೀ ಪಂಚಾಕ್ಷರಿ ಗವಾಯಿಗಳು. ಅವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಆಶ್ರಯವನ್ನಿತ್ತು ನಾದವಿದ್ಯೆಯನ್ನು ಧಾರೆಯೆರೆದರು. 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ, ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡಿದ್ದ ಶ್ರೀ ಪುಟ್ಟರಾಜ ಗವಾಯಿಗಳು 2010ರವರೆಗೂ ಆ ಸೇವೆಯನ್ನು ನಡೆಯಿಸಿದರು. ಕನ್ನಡ, ಸಂಸ್ಕೃತ, ಹಿಂದೀ ಭಾಷೆಗಳಲ್ಲಿ ಗ್ರಂಥರಚನೆಯನ್ನೂ ಮಾಡಿದರು. ಬಾಲಕನೊಬ್ಬನ ಎಲೆಯನ್ನು ನೋಡಿ ಬಡಿಸಿದುದರ ಫಲವು ಒಂದು ಶತಮಾನವನ್ನು ತಣಿಸಿತು.

ಮಾನವೀಯತೆಯೆಂದರೆ ಸಡಿಲಿಕೆಯೆಂದು ಕೆಲವರು ಭಾವಿಸುವುದುಂಟು. ಇದು ಸರಿಯಲ್ಲ. ಸಂಗೀತದಲ್ಲಿ ಶ್ರುತಿಯು ತಪ್ಪಿದ ಸ್ವರವನ್ನು ಯಾವ ಕರುಣಾಳುವಾದ ಗುರುವೂ ಸರಿಯೆಂದು ಒಪ್ಪುವುದಿಲ್ಲ. ಪುಣ್ಯಾಶ್ರಮದ ಶಿಷ್ಯರಾದ ಬಸವರಾಜ ರಾಜಗುರುಗಳ ಗಾಯನವು ದೀರ್ಘಸಾಧನೆಯಿಂದ ಸಿದ್ಧಿಸಿದುದೇ ಹೊರತು ರಿಯಾಯಿತಿಯಿಂದ ದೊರೆತುದಲ್ಲ. ಗುರುವು ಸ್ವರವನ್ನು ತಿದ್ದುತ್ತಾನೆ, ಶಿಷ್ಯನನ್ನು ಅವಮಾನಗೊಳಿಸುವುದಿಲ್ಲ. ಕಠಿಣವಾದ ಅಭ್ಯಾಸಕ್ಕೂ ಕಠೋರವಾದ ಹೃದಯಕ್ಕೂ ಇರುವ ಅಂತರವನ್ನು ತಿಳಿದವನೇ ಆಚಾರ್ಯನು.

ಸಿದ್ಧಗಂಗೆಯ ನಿದರ್ಶನವು ಇನ್ನೊಂದು ಪಾಠವನ್ನು ಬೋಧಿಸುತ್ತದೆ. 1941ರಲ್ಲಿ ಶ್ರೀಮಠದ ಹೊಣೆಯನ್ನು ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ನಡೆಯಿಸಿದರು. ಜಾತಿಮತಗಳನ್ನು ಕೇಳದೆ ಸಾವಿರಾರು ಬಡಮಕ್ಕಳನ್ನು ಇರಿಸಿಕೊಂಡು ಓದಿಸಿದರು. ಅಲ್ಲಿ ಅನ್ನವೂ ವಸತಿಯೂ ಪಾಠದ ಹೊರಗಿನ ವಿಷಯಗಳಾಗಿರಲಿಲ್ಲ. ಹಸಿದ ಮಗುವಿನ ಪಠ್ಯಕ್ರಮದಲ್ಲಿ ಮೊದಲನೆಯ ಪಾಠವೇ ಊಟವೆಂದು ಅವರು ಬಲ್ಲವರಾಗಿದ್ದರು.

ಈಗ ವನಗೂರಿನ ಸೀಮೆಯನ್ನು ನೋಡಬೇಕು. ಸಕಲೇಶಪುರ ಆಲೂರುಗಳ ಈ ಗುಡ್ಡಗಾಡಿನಲ್ಲಿ ಶಾಲೆಯ ಬಾಗಿಲೂ ಮುಂಗಾರಿನ ಬಾಗಿಲೂ ಒಟ್ಟಿಗೆ ತೆರೆಯುತ್ತವೆ. ಜಡಿಮಳೆಯಲ್ಲಿ ಹಳ್ಳವನ್ನು ದಾಟಿ ನೆನೆದು ಬರುವ ಮಗುವು ತಡವಾಗಿ ಬಂದಿತೆಂದು ಬಾಗಿಲಲ್ಲಿ ನಿಲ್ಲಿಸಲ್ಪಟ್ಟರೆ, ಅಂದಿನ ಮೊದಲ ಪಾಠವು ಅನ್ಯಾಯವೆಂಬುದೇ ಆಗುತ್ತದೆ. ಕಾಡಾನೆಗಳು ಸಂಚರಿಸುವ ದಾರಿಯಲ್ಲಿ ನಡೆದು ಬರುವ ಮಗುವಿನ ಎದೆಯಲ್ಲಿ ಭಯವು ಇನ್ನೂ ಆರಿರುವುದಿಲ್ಲ. ಕಾಫಿಯ ಹಣ್ಣು ಕೊಯ್ಯುವ ಕಾಲದಲ್ಲಿ ಪರಸ್ಥಳಗಳಿಂದ ತೋಟದ ಲೈನುಗಳಿಗೆ ಬಂದಿಳಿಯುವ ಕೂಲಿಯವರ ಮಕ್ಕಳು ಅರ್ಧವರ್ಷದಲ್ಲಿ ಬಂದು, ಅರ್ಧ ಪಾಠವನ್ನು ಕಲಿತು, ಹೊರಟುಹೋಗುತ್ತಾರೆ. ಕೆಲವರ ಮನೆಮಾತು ಬೇರೆ. ಇವರನ್ನು ಹಾಜರಿಯ ಪುಸ್ತಕದ ಅಂಕೆಗಳೆಂದು ಕಾಣುವುದೋ, ಮಕ್ಕಳೆಂದು ಕಾಣುವುದೋ ಎಂಬುದೇ ಇಲ್ಲಿಯ ನಿಜವಾದ ಪರೀಕ್ಷೆ. ಈ ಪರೀಕ್ಷೆಯಲ್ಲಿ ಕುಳಿತಿರುವವರು ಮಕ್ಕಳಲ್ಲ, ಹಿರಿಯರು.

ಇದೇ ಸೀಮೆಯಲ್ಲಿ ಪಾಠದ ಸಾಮಗ್ರಿಗೂ ಕೊರತೆಯಿಲ್ಲ. ಬಿದ್ದ ಮಳೆಯನ್ನು ದಿನದಿನವೂ ಅಳೆದು ಬರೆದರೆ ಗಣಿತವೂ ಭೂಗೋಳವೂ ಬರುತ್ತವೆ. ಬೇಸಗೆಯ ಹೂಮಳೆಗೆ ಕಾಫಿಯ ಗಿಡವೇಕೆ ಅರಳುವುದು, ಅದಕ್ಕೆ ಮರದ ನೆರಳೇಕೆ ಬೇಕು, ಆನೆಯು ಕಾಡನ್ನು ಬಿಟ್ಟು ಗದ್ದೆಗೇಕೆ ಬರುವುದು ಎಂಬ ಪ್ರಶ್ನೆಗಳಿಂದ ಪ್ರಕೃತಿಶಾಸ್ತ್ರವು ಆರಂಭವಾಗಬಹುದು. ಊರ ಸುಗ್ಗಿಯ ಹಾಡನ್ನು ಅಜ್ಜಿಯರಿಂದ ಕೇಳಿ ಬರೆದುಕೊಂಡರೆ ಅದೇ ಸಾಹಿತ್ಯದ ಪ್ರವೇಶವು. ಹೀಗೆ ಹತ್ತಿರದಿಂದ ಹೊರಟ ವಿದ್ಯೆಯು ದೂರದ ಜಗತ್ತನ್ನು ಮುಟ್ಟಬಲ್ಲುದು. ದೂರದಿಂದಲೇ ಹೊರಟುದು ಹತ್ತಿರಕ್ಕೆ ಬಾರದೆ ಉಳಿಯುವುದೂ ಉಂಟು.

ಪರೀಕ್ಷೆಯೂ ಉದ್ಯೋಗವೂ ಬೇಡವೇ ಎಂದು ತಂದೆತಾಯಿಗಳು ಕೇಳುವುದು ನ್ಯಾಯವೇ. ಗುಡ್ಡದ ಮೇಲಿನ ಬಡ ಕುಟುಂಬಕ್ಕೆ ಒಂದು ಪ್ರಮಾಣಪತ್ರವು ಎಷ್ಟು ದೊಡ್ಡ ಆಸರೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅರ್ಥಮಾಡಿಕೊಂಡು ಕಲಿತವನಿಗೆ ಪರೀಕ್ಷೆಯೂ ಸುಲಭವಾಗುವುದು. ಕಂಠಪಾಠದಿಂದ ತೇರ್ಗಡೆಯಾದವನಿಗೆ ಮುಂದಿನ ಮೆಟ್ಟಿಲೇ ಗೋಡೆಯಾಗುವುದು. ಕಾಲೇಜುಗಳಲ್ಲಿ ಈ ಕಷ್ಟವು ಹೆಚ್ಚು. ಹಳ್ಳಿಯ ಕನ್ನಡಶಾಲೆಯಿಂದ ಬಂದ ಯುವಕನು ಇಂಗ್ಲಿಷಿನ ಮುಂದೆ ಮೂಕನಾಗಿ, ತನಗೆ ಬುದ್ಧಿಯೇ ಇಲ್ಲವೆಂದು ನಂಬಿಬಿಡುತ್ತಾನೆ. ಅವನನ್ನು ಹೆಸರು ಹಿಡಿದು ಕರೆದು, ತಿಳಿಯದುದನ್ನು ಮತ್ತೊಮ್ಮೆ ಅವನ ಮಾತಿನಲ್ಲಿಯೇ ಹೇಳುವ ಒಬ್ಬ ಅಧ್ಯಾಪಕನು ಒಂದು ಹೊಸ ಕಟ್ಟಡಕ್ಕಿಂತ ಮೇಲು.

ಆದಕಾರಣ ಉತ್ಸವದ ಈ ಸಂದರ್ಭದಲ್ಲಿ ಭಕ್ತರು ಚಿಂತಿಸಬೇಕಾದುದೇನೆಂದರೆ, ಮಠಗಳು ಕಟ್ಟಿಸಿದ ಶಾಲೆಗಳೆಷ್ಟು ಎಂಬುದಕ್ಕಿಂತ, ಅವುಗಳ ಬಾಗಿಲಿನಿಂದ ಹಿಂದಿರುಗಿ ಹೋದ ಮಕ್ಕಳೆಷ್ಟು ಎಂಬುದನ್ನು. ಶುಲ್ಕವನ್ನು ತೆರಲಾರದೆ, ಹಾದಿಯನ್ನು ನಡೆಯಲಾರದೆ, ಪಾಠವನ್ನು ತಿಳಿಯಲಾರದೆ ಬಿಟ್ಟುಹೋದ ಮಗುವಿನ ಮನೆಗೆ ಒಬ್ಬರಾದರೂ ಹೋಗಿ ವಿಚಾರಿಸಿದರೆ ಅದು ಜಂಗಮಸೇವೆಯೇ ಸರಿ. ಮಳೆಗಾಲಕ್ಕೊಂದು ಕೊಡೆ, ಸಂಜೆಗೊಂದು ದೀಪ, ಓದಿಸುವ ಒಬ್ಬ ಹಿರಿಯ ವಿದ್ಯಾರ್ಥಿ, ಇಷ್ಟನ್ನು ಪ್ರತಿಯೊಂದು ಊರೂ ಒದಗಿಸಬಲ್ಲುದು. ದಾಸೋಹದ ಪಂಕ್ತಿಯಲ್ಲಿ ಯಾವ ಎಲೆಯೂ ಬರಿದಾಗಿ ಉಳಿಯಬಾರದೆಂಬ ನಿಯಮವನ್ನು ಪಾಲಿಸುತ್ತ ಬಂದ ಶಿವಭಕ್ತರು, ವಿದ್ಯೆಯ ಪಂಕ್ತಿಯಲ್ಲಿಯೂ ಅದೇ ನಿಯಮವನ್ನು ಪಾಲಿಸುವರಾಗಲಿ.