ಒಕ್ಕಲೆದ್ದವರಿಗೊಂದು ಒಲೆ

ಕನ್ನಡದಲ್ಲಿ ‘ಒಕ್ಕಲು’ ಎಂಬ ಒಳ್ಳೆಯ ಮಾತೊಂದುಂಟು. ಮನೆಯನ್ನೂ ಅದರಲ್ಲಿ ಬಾಳುವ ಸಂಸಾರವನ್ನೂ ಅದು ಒಟ್ಟಿಗೇ ಹೇಳುತ್ತದೆ. ಒಂದೂರಿನಲ್ಲಿ ನೆಲೆ ನಿಂತರೆ ಒಕ್ಕಲಾದರು ಎನ್ನುತ್ತೇವೆ. ಬಲಾತ್ಕಾರದಿಂದ ಬಿಡಿಸಿದರೆ ಒಕ್ಕಲೆಬ್ಬಿಸಿದರು ಎನ್ನುತ್ತೇವೆ. ಯುದ್ಧವೋ ಗಲಭೆಯೋ ಬಂದು ಜನ ಒಕ್ಕಲೆದ್ದಾಗ ಸೂರಿನೊಡನೆ ಒಲೆ, ಪಾತ್ರೆ, ಹಾಸಿಗೆ, ನೀರಿನ ಕೊಡ ಎಲ್ಲವೂ ಹೋಗುತ್ತವೆ. ಅಂಥವರಿಗೆ ನೆರವಾಗುವ ಬಗೆ ಯಾವುದು ಎಂಬುದನ್ನು ಕುರಿತು ನಾಲ್ಕು ಮಾತು.

ಐಮಂಗಲದವರಾದ ನಮಗೆ ಇದು ದೂರದ ವಿಷಯವಲ್ಲ. ಇಲ್ಲಿಂದ ಹೆದ್ದಾರಿ ಹಿಡಿದು ಹೋದರೆ ಚಿತ್ರದುರ್ಗ. 1779ರಲ್ಲಿ ಆ ದುರ್ಗ ಹೈದರಾಲಿಯ ವಶವಾದಾಗ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತೆಂದು ಹಳೆಯ ಇತಿಹಾಸ ಗ್ರಂಥಗಳು ಹೇಳುತ್ತವೆ. ಮದಕರಿನಾಯಕನ ಹೆಸರು ಉಳಿಯಿತು. ಆ ಸಂಸಾರಗಳ ಹೆಸರನ್ನು ಕೇಳಿದವರಿಲ್ಲ.

ಇನ್ನು ನಮ್ಮ ಕಾಲಕ್ಕೆ ಬರೋಣ. 1959ರ ಮಾರ್ಚಿಯಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಟಿಬೆಟನ್ನರು ಬಂದರು. ಅಸ್ಸಾಮಿನ ಮಿಸ್ಸಮಾರಿಯಲ್ಲಿ ಬಿದಿರಿನ ಗುಡಿಸಲುಗಳನ್ನು ಹಾಕಿ ಅವರಿಗೆ ಇಂಬು ಕೊಟ್ಟರು. ಹಿಮದ ನಾಡಿನವರಿಗೆ ಅಲ್ಲಿನ ಸೆಕೆ ತಾಳದಾಯಿತು. ಮೈಮೇಲಿನ ದಪ್ಪ ಉಣ್ಣೆಯ ಉಡುಪೇ ಹೊರೆಯಾಯಿತು. ಕಂಬಳಿ ನಮ್ಮ ಹಿರಿಯೂರು ಚಳ್ಳಕೆರೆ ಸೀಮೆಯ ಹೆಮ್ಮೆ; ಆದರೆ ಅಂಥ ಕಡೆ ಕಂಬಳಿಗಿಂತ ತೆಳುವಾದ ಹತ್ತಿಯ ಬಟ್ಟೆಯೇ ದೊಡ್ಡ ದಾನ. ನಮ್ಮಲ್ಲಿರುವುದನ್ನು ಕೊಡುವ ಮೊದಲು ಅವರಿಗೆ ಬೇಕಾದುದನ್ನು ಕೇಳಬೇಕು ಎಂಬುದು ಇಲ್ಲಿಯ ಪಾಠ.

ಮುಂದೆ 1960ರಲ್ಲಿ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟಿತು. ಮೊದಲು ಡೇರೆಗಳಲ್ಲಿದ್ದು, ಕಾಡು ಕಡಿದು, ಆಮೇಲೆ ಮನೆ ಕಟ್ಟಿ, ಜೋಳ ಬಿತ್ತಿ ಆ ಜನ ಮತ್ತೆ ಒಕ್ಕಲಾದರು. ಚಿತ್ರದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರನ್ನು ಅವರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಬಂದರು. ಕಲ್ಕತ್ತೆಯ ಸಾಲ್ಟ್ ಲೇಕ್ ಬಯಲಿನಲ್ಲಿ ಎಷ್ಟೋ ಸಂಸಾರಗಳು ದೊಡ್ಡ ಸಿಮೆಂಟು ಕೊಳವೆಗಳೊಳಗೆ ಮಳೆಗಾಲ ಕಳೆದವು. ಆ ವರ್ಷದ ನವೆಂಬರ್ 15ರಿಂದ ಲಕೋಟೆಗಳಿಗೆ 5 ಪೈಸೆಯ ನಿರಾಶ್ರಿತರ ಪರಿಹಾರದ ಚೀಟಿಯನ್ನು ಹಚ್ಚಬೇಕಾಯಿತು. ಕಾಗದ ಬರೆದ ಮನೆಯೆಲ್ಲ ಆಗ ತನಗರಿವಿಲ್ಲದೆಯೇ ದಾನಿಯಾಯಿತು. ಪೂರ್ವ ಬಂಗಾಳದಿಂದ ಬಂದ ಸಂಸಾರಗಳು ನಮ್ಮ ಸಿಂಧನೂರು ತಾಲ್ಲೂಕಿನ ಕ್ಯಾಂಪುಗಳಲ್ಲಿಯೂ ನೆಲೆಸಿವೆ.

ಹಾಗಾದರೆ ಒಂದು ಸಂಸಾರಕ್ಕೆ ಏನೇನು ಬೇಕು? ಈಗ ಜಗತ್ತಿನ ಪರಿಹಾರ ಸಂಸ್ಥೆಗಳು ಒಪ್ಪಿರುವ ಅಳತೆಗಳುಂಟು. ತಲೆಗೆ ಕನಿಷ್ಠ 3.5 ಚದರ ಮೀಟರು ನೆರಳು, ದಿನಕ್ಕೆ 15 ಲೀಟರು ನೀರು. 4 ಮೀಟರಿಗೆ 5 ಮೀಟರಿನ ಒಂದು ಟಾರ್ಪಾಲು, ಅದನ್ನು ಬಿಗಿಯಲು ಹಗ್ಗ. ಮಲಗಲು ಚಾಪೆ, ಹೊದೆಯಲು ಕಂಬಳಿ, ಸೊಳ್ಳೆ ಪರದೆ, ಸೋಪು. ಅಡಿಗೆಗೆ ಎರಡು ಪಾತ್ರೆ, ಒಂದು ಸೌಟು, ಒಂದು ಚಾಕು, ಆಳಿಗೊಂದು ತಟ್ಟೆ ಲೋಟ. ನೀರು ತರಲೊಂದು, ಇಡಲೊಂದು ಎಂದು ಎರಡು ಕ್ಯಾನು. ಬಾಯಿ ಕಿರಿದಾಗಿರಬೇಕು, ಕೈ ಅದ್ದಿದರೆ ನೀರು ಕೆಡುತ್ತದೆ. ಹೆಂಗಸರಿಗೆ ತಿಂಗಳ ದಿನಗಳ ಬಟ್ಟೆ, ಮೀಯಲು ಮರೆ, ರಾತ್ರಿ ಹೊರಗೆ ಹೋಗಲು ಒಂದು ದೀಪ. ಇವನ್ನು ಪಟ್ಟಿಯಲ್ಲಿ ಮರೆಯುವುದು ಸುಲಭ. ಮರೆತರೆ ಬಾಧೆ ಪಡುವವರು ಬಾಯಿಬಿಟ್ಟು ಹೇಳಲಾರರು.

ಮೊದಲ ನಾಲ್ಕು ದಿನ ಗಂಜಿಕೇಂದ್ರ ಬೇಕೇ ಬೇಕು. ಅದೇ ತಿಂಗಳುಗಟ್ಟಲೆ ನಡೆದರೆ, ನಿನ್ನೆಯವರೆಗೆ ನಾಲ್ವರಿಗೆ ಬಡಿಸಿದ ಗೃಹಿಣಿ ದಿನವೂ ಸಾಲಿನಲ್ಲಿ ತಟ್ಟೆ ಒಡ್ಡಿ ನಿಲ್ಲಬೇಕು. ಆದಷ್ಟು ಬೇಗ ಅವಳ ಕೈಗೆ ಅಕ್ಕಿ, ಬೇಳೆ, ಪಾತ್ರೆ, ಸೌದೆ ಕೊಡಬೇಕು. ತನ್ನ ಒಲೆ ತಾನು ಹೂಡಿದ ದಿನ ಅವಳು ನಿರಾಶ್ರಿತೆಯಾಗಿರುವುದು ಅರ್ಧ ತಪ್ಪುತ್ತದೆ. ಶಾಲೆಗಳಲ್ಲಿ ತಂಗಿಸುವುದೂ ಹೀಗೆಯೇ. ಉಪಾಧ್ಯಾಯನಾಗಿ ಹೇಳುತ್ತೇನೆ, ಆಪತ್ತಿನಲ್ಲಿ ಶಾಲೆಯ ಬಾಗಿಲು ತೆರೆದೇ ಇರಲಿ. ಆದರೆ ಬಂದವರ ಮಕ್ಕಳಿಗೂ ಊರ ಮಕ್ಕಳಿಗೂ ಪಾಠ ನಡೆಯಬೇಕಾದರೆ ಬೇರೆ ಸೂರು ಬೇಗ ಏಳಬೇಕು.

ನೀವೇನು ಮಾಡಬಹುದು? ಹರಿದದ್ದನ್ನು ಕಳಿಸಬೇಡಿ, ನಿಮ್ಮ ಮಕ್ಕಳಿಗೆ ತೊಡಿಸಲಾರದ್ದನ್ನು ಅವರ ಮಕ್ಕಳಿಗೂ ತೊಡಿಸಬೇಡಿ. ಒಗೆದು, ಅಳತೆಯಂತೆ ಬೇರ್ಪಡಿಸಿ, ಗಂಟಿನ ಮೇಲೆ ಒಳಗಿರುವುದನ್ನು ಬರೆದು ಕೊಡಿ. ದೂರದವರಾದರೆ ನಂಬಿಕೆಯ ಸಂಸ್ಥೆಗೆ ಹಣ ಕೊಡುವುದೇ ಲೇಸು. ಸಾಗಣೆಯ ವೆಚ್ಚ ಉಳಿಯುತ್ತದೆ, ಬೇಕಾದದ್ದು ಅಲ್ಲಿಯೇ ಸಿಗುತ್ತದೆ. 2024ರ ಕೊನೆಗೆ ಲೋಕದಲ್ಲಿ ಹೀಗೆ ನೆಲೆ ತಪ್ಪಿದವರು 12 ಕೋಟಿಗೂ ಹೆಚ್ಚು. ಎಲ್ಲರ ಒಲೆಯನ್ನೂ ನಾವು ಹೊತ್ತಿಸಲಾರೆವು. ಒಂದು ಒಲೆಗೆ ಮೂರು ಕಲ್ಲು ಸಾಕು, ಅದರಲ್ಲಿ ಒಂದನ್ನು ನಾವು ಇಡಬಲ್ಲೆವು.